ಕ್ಯಾಪ್ಟನ್ ಕಿವಿಗೊಡುವ ನೀರು

ಎಡವದೆ ದೋಣಿ ಹತ್ತುವುದು ಹೇಗೆಂದು ನಮಗೆ ತೋರಿಸಲು ಹೋಗಿ ಕ್ಯಾಪ್ಟನ್ ತಾನೇ ನೀರಿಗೆ ಬಿದ್ದ. ಮೊದಲು ಟೋಪಿ ಮೇಲೆ ಬಂತು, ಹಿಂದೆಯೇ ಅವನು. "ಹೀಗೆ ಹತ್ಬಾರ್ದು, ಗೊತ್ತಾಯ್ತಲ್ಲ?" ಎಂದು ಬಾಯಲ್ಲಿದ್ದ ನೀರು ಉಗಿದ. ನನ್ನ ಹೆಂಡತಿ ಲೈಫ್ ಜಾಕೆಟ್ಟಿನೊಳಗೆ ಮುಖ ಹುದುಗಿಸಿ ನಕ್ಕಳು. ಹವಳ ನೋಡಲು ಹೊರಟವನಿಗೆ 'ಅವಳ'ನ್ನೂ ನೋಡಿಕೊಳ್ಳುವ ಕೆಲಸ ಬಿತ್ತು.

ಕ್ಯಾಪ್ಟನ್ ಎಂಬುದು ಊರಿನವರು ಇಟ್ಟ ಹೆಸರು. ಅವನಿಗಿರುವುದು ಗಾಜಿನ ತಳದ ಒಂದೇ ದೋಣಿ. ಅದನ್ನು ಕಟ್ಟಿದವನು ಅವನ ಅಣ್ಣ, ಎಂಜಿನ್ ಮೆಕ್ಯಾನಿಕ್. ಕೊಲ್ಲಿಯ ಎರಡು ಪುಟ್ಟ ದ್ವೀಪಗಳ ಸಂದಿಯಲ್ಲಿ ಒಮ್ಮೆ ಲಂಗರು ಹವಳಕ್ಕೆ ಸಿಕ್ಕಿಕೊಂಡಿತಂತೆ. ಬಿಡಿಸಲು ಅಣ್ಣ ಮುಳುಗಿದ. ಲಂಗರು ಬಂತು, ಅಣ್ಣ ಬರಲಿಲ್ಲ. ಹೆಣವೂ ಸಿಗಲಿಲ್ಲ. ಅಂದಿನಿಂದ ಅತ್ತಿಗೆಯದು ಒಂದೇ ಹಟ: ಮೈದುನ ದಿನವೂ ಅಲ್ಲಿಗೆ ಹೋಗಿ ಗಂಡನ ಮಾತು ತರಬೇಕು. ತರದಿದ್ದರೆ ಅವಳು ತುತ್ತು ಮುಟ್ಟುವುದಿಲ್ಲ.

"ಗಾಳಿ ಅಂತ ಎರಡು ದಿನ ದೋಣಿ ಬಿಟ್ಟಿರ್ಲಿಲ್ಲ ಸಾರ್," ಎಂದ ಕ್ಯಾಪ್ಟನ್, ಅಂಗಿ ಹಿಂಡುತ್ತ. "ಅತ್ತಿಗೆ ತಟ್ಟೆ ತಳ್ಳಿ ಕೂತಿದ್ದಾರೆ. ಇವತ್ತೂ ಏನೂ ತರ್ದೆ ಹೋದ್ರೆ ಆಸ್ಪತ್ರೆಗೇ ಸೇರಿಸ್ಬೇಕು."

"ಮತ್ತೆ ಇನ್ನೂ ಅಂಗಿ ಹಿಂಡ್ತಾ ನಿಂತಿದ್ದೀರಲ್ಲ, ನಡೀರಿ!" ಎಂದಳು ನನ್ನ ಹೆಂಡತಿ.

ದ್ವೀಪಗಳ ಸಂದಿಯಲ್ಲಿ ಎಂಜಿನ್ ನಿಂತಿತು. ಹವಳದ ದಿಬ್ಬದ ಮೇಲೆ ಅಲೆಗಳು ನೊರೆಯಾಗಿ ಒಡೆಯುವುದು ಕಾಣುತ್ತಿತ್ತು, ಸದ್ದು ಮಾತ್ರ ಕೇಳುತ್ತಿರಲಿಲ್ಲ. ಗಾಜಿನಡಿ ಗದ್ದಲ ಮಾಡುತ್ತಿದ್ದ ಹಳದಿ ಮೀನುಗಳು, ಕಾನ್ವೆಂಟಿನ ಸಿಸ್ಟರ್ ಕಾಲಿಟ್ಟ ತರಗತಿಯಂತೆ, ಒಂದೇ ಕಡೆ ಮುಖ ಮಾಡಿ ಸ್ತಬ್ಧವಾದವು.

ಕ್ಯಾಪ್ಟನ್ ಮೊಣಕಾಲೂರಿ ಗಾಜಿಗೆ ಬಾಯಿ ತಂದ. "ಅಣ್ಣಾ, ನಾನು ಕಣೋ. ಅತ್ತಿಗೆ ಊಟ ಬಿಟ್ಟಿದ್ದಾರೆ. ಏನಾದ್ರೂ ಹೇಳು." ಆಮೇಲೆ ಕಿವಿಯಿಟ್ಟು ಮಲಗಿದ. "ಹೂಂ," ಎಂದ. ಸ್ವಲ್ಪ ತಡೆದು ಮತ್ತೆ, "ಹೂಂ."

ಅವನ ಮುಖದ ಪಕ್ಕದಲ್ಲಿ ಅಂಗೈಯಗಲ ಉಸಿರಿನ ಮಂಜು ಕಟ್ಟಿತ್ತು. ಮೀನು ಕಾಣಲೆಂದು ನಾನು ಕರವಸ್ತ್ರದಿಂದ ಒರೆಸಿದೆ. ಹೋಗಲಿಲ್ಲ. ಉಗುರಿನಿಂದ ಕೆರೆದೆ. ಮಂಜು ಗಾಜಿನ ಆಚೆ ಬದಿಯಲ್ಲಿತ್ತು, ನೀರಿನ ಕಡೆ. ನೋಡುತ್ತಿದ್ದಂತೆ ಚಿಕ್ಕದಾಯಿತು, ಮತ್ತೆ ದೊಡ್ಡದಾಯಿತು. ಹೆಂಡತಿ ನನ್ನ ಕೈ ಹಿಡಿದುಕೊಂಡಳು. ಮದುವೆಯಾದ ಹೊಸತರಲ್ಲೂ ಅಷ್ಟು ಬಿಗಿಯಾಗಿ ಹಿಡಿದವಳಲ್ಲ.

ದಡದಲ್ಲಿ, ಟಿಕೆಟ್ ಕೌಂಟರಿನ ಹಿಂದಿನ ಕೋಣೆಯಲ್ಲಿ ಅತ್ತಿಗೆ ಕೂತಿದ್ದಳು. ಮುಂದೆ ಮುಚ್ಚಿಟ್ಟ ತಟ್ಟೆ.

"ಏನಂದ್ರು?"

"'ಅವಳು ಉಪವಾಸ ಇದ್ರೆ ನನಗೂ ಇಲ್ಲಿ ಹಸಿವು, ತಿನ್ನೋಕೆ ಹೇಳು' ಅಂದ."

"ಕೋಪ ಮಾಡ್ಕೊಂಡ್ರಾ?"

"ಇಲ್ಲ ಅತ್ತಿಗೆ, ನಕ್ಕ."

ಅವಳು ತಟ್ಟೆ ಎಳೆದುಕೊಂಡು, ನಾವಿದ್ದೇವೆಂಬುದನ್ನೂ ಮರೆತು, ಗಬಗಬ ತಿಂದಳು.

ಹೊರಗೆ ಬಂದ ಮೇಲೆ ನಾನು ಕ್ಯಾಪ್ಟನ್ನನ ತೋಳು ಹಿಡಿದೆ. "ನಿಜ ಹೇಳಪ್ಪ. ಅಲ್ಲಿ ಏನಾದ್ರೂ ಕೇಳಿಸ್ತಾ?"

"ದಿನಾ ಕೇಳಿಸುತ್ತೆ ಸಾರ್," ಎಂದ ಅವನು ಬೇಸರದಿಂದ. "ಅತ್ತಿಗೆ ಸುದ್ದಿ ಒಂದು ಸಲಾನೂ ಎತ್ತಲ್ಲ. ಎಂಜಿನ್ ಆಯಿಲ್ ಬದಲಾಯಿಸಿದ್ಯಾ ಅಂತಾನೆ."