ಆಚೆ ದಡದಲ್ಲುಳಿದ ಚಪ್ಪಲಿ

ನಿಜಾಮರ ಆಳ್ವಿಕೆಯ ಕಾಲ. ಕೃಷ್ಣಾ ನದಿಯ ನಡುಗಡ್ಡೆ ನೋಡಲು ರಾಯಚೂರಿನಿಂದ ಹೊರಟಿದ್ದೆ. ಹರಿಗೋಲು ಹತ್ತುವಾಗ, ಮಡಿಯುಟ್ಟು ಕೂತಿದ್ದ ದೇವದುರ್ಗದ ಆಚಾರ್ಯರೊಬ್ಬರು ತಡೆದರು.

“ಚರ್ಮದ ಚಪ್ಪಲಿ ದಂಡಿಗೇ ಬಿಡ್ರಿ. ಮೈಲಿಗಿ ಆಗತದ.”

ಬಿಟ್ಟೆ.

ನಡುಹೊಳೆಗೆ ಬಂದಾಗ ನನ್ನ ಬರಿಗಾಲ ಕೆಳಗೆ ಇಡೀ ಕೃಷ್ಣೆ ಉಸಿರಾಡುತ್ತಿದ್ದಳು. ಹರಿಗೋಲಿನ ತಳ ಉಬ್ಬುತ್ತಿತ್ತು, ತಗ್ಗುತ್ತಿತ್ತು. ಅಷ್ಟು ದೊಡ್ಡ ಹೊಳೆಗೂ ನಮಗೂ ನಡುವೆ ಇದ್ದದ್ದು ಒಂದು ತೊಗಲು ಮಾತ್ರ.

“ಯಾವ ತೊಗಲಪ್ಪಾ ಇದು?” ಅಂದೆ.

“ಎಮ್ಮೀದ್ರೀ,” ಅಂದ ಅಂಬಿಗ.

ಆಚಾರ್ಯರತ್ತ ನೋಡಿದೆ.

“ಹೊಳಿ ದಾಟಸೋದಕ್ಕ ಮೈಲಿಗಿ ಇಲ್ಲರೀ,” ಅಂದರು. ಗಡ್ಡೆಗೆ ಇಳಿದವರೇ ಹರಿಗೋಲು ಮುಟ್ಟಿ ಕಣ್ಣಿಗೊತ್ತಿಕೊಂಡರು.

ಕಾದ ಬಂಡೆಯ ಮೇಲೆ ಕುಣಿಯುತ್ತಲೇ ನಾನೂ ಒತ್ತಿಕೊಂಡೆ. ಎಮ್ಮೆ ತೊಗಲಿನದೇ ಆದ ನನ್ನ ಚಪ್ಪಲಿ ಮಾತ್ರ ಆಚೆ ದಡದಲ್ಲಿ ಮೈಲಿಗೆಯಾಗಿ ಕೂತಿತ್ತು.