ಬರಬೇಡಿ ಎಂದು ಕೂಗಿದ ಅಯ್ಯಣ್ಣ

ಬಳ್ಳಾರಿ ಗುಡ್ಡದ ಹಿಂದೆ ಇನ್ನೂ ಕೆಂಪು ಮೂಡಿಲ್ಲ. ಕೌಲ್‌ಬಜಾರಿನ ಓಣಿಯೊಂದರ ಕೊನೆಯ ಮನೆ ಮುಂದೆ ಸುಂಕಲಮ್ಮ ಉಪ್ಪುನೀರನ್ನು ಗಂಟಲಲ್ಲಿ ಗಳಗಳ ಆಡಿಸಿ ಮೋರಿಗೆ ಉಗುಳುತ್ತಾರೆ. ಪಕ್ಕದಲ್ಲಿ ಅವರ ಗಂಡ ಅಯ್ಯಣ್ಣ ಹಳೆಯ ಕಾಗದಕ್ಕೆ ಬೆಂಕಿ ಹಚ್ಚಿ ತಮಟೆಯ ಚರ್ಮ ಕಾಯಿಸುತ್ತಿದ್ದಾರೆ. ಬೆರಳಿನಿಂದ ಒಮ್ಮೆ ಬಡಿದು, ಕಿವಿಗೊಟ್ಟು, ಮತ್ತೆ ಬೆಂಕಿಗೆ ಹಿಡಿಯುತ್ತಾರೆ. ಅವರ ಕುತ್ತಿಗೆಗೆ ಸುತ್ತಿದ ಬಿಳಿಯ ಬಟ್ಟೆ ಉಸಿರಿಗೊಮ್ಮೆ ಒಳಗೆ ಹೋಗಿ ಹೊರಗೆ ಬರುತ್ತದೆ. ಎರಡು ವರ್ಷಗಳಿಂದ ಅವರ ಉಸಿರಾಟ ಕುತ್ತಿಗೆಯ ಆ ತೂತಿನಿಂದಲೇ. ಮಾತಿಲ್ಲ.

ಇವತ್ತು ಸಾರಬೇಕಾದದ್ದು ಕಣ್ಣಿನ ಶಿಬಿರದ ಸುದ್ದಿ. ಅಯ್ಯಣ್ಣ ತಮಟೆ ಬಾರಿಸುತ್ತ ಮುಂದೆ ನಡೆಯುತ್ತಾರೆ. ಅವರಿಬ್ಬರ ಬಗ್ಗೆ ಬರೆಯಲು ಬಂದ ನಾನೂ ಜೊತೆಗಿದ್ದೇನೆ. ಓಣಿಯ ತಿರುವಿನಲ್ಲಿ ನಿಂತು ಹಿಂತಿರುಗಿ ನೋಡುತ್ತಾರೆ. ಸುಂಕಲಮ್ಮ ತಗಡಿನ ತುತ್ತೂರಿಯನ್ನು ಬಾಯಿಗೆ ಹಿಡಿದು, “ಕೇಳ್ರಪೋ ಕೇಳ್ರಿ! ಕಣ್ಣು ಕಾಣಲಾರದವರು, ಪೊರಿ ಬಂದವರು ನಾಳಿ ಮುಂಜಾನಿ ದೊಡ್ಡ ಸಾಲಿಗಿ ಬರ್ರಿ!” ಎಂದು ಕೂಗುತ್ತಾರೆ. ಮತ್ತೆ ಅದನ್ನೇ ತೆಲುಗಿನಲ್ಲಿ. ಬಾಗಿಲುಗಳು ತೆರೆಯುತ್ತವೆ. ಒಬ್ಬ ಮುದುಕಿ ಯಾವ ಶಾಲೆ ಎಂದು ಕೇಳುತ್ತಾಳೆ. ಅಯ್ಯಣ್ಣ ತಮಟೆ ನಿಲ್ಲಿಸಿ, ಕೈಯಿಂದ ದಿಕ್ಕು ತೋರಿಸುತ್ತಾರೆ.

ಮೂವತ್ತು ವರ್ಷ ಈ ತುತ್ತೂರಿ ಅಯ್ಯಣ್ಣನ ಬಾಯಲ್ಲಿತ್ತು. ನಾಟಕ, ಸಿನಿಮಾ, ಹರಿಕಥೆ, ಕಳೆದುಹೋದ ಮಗು, ನಲ್ಲಿಗೆ ನೀರು ಬರುವ ಹೊತ್ತು, ಹೀಗೆ ಊರಿಗೆ ತಿಳಿಯಬೇಕಾದದ್ದೆಲ್ಲ ಅವರ ಗಂಟಲಿನಿಂದ ತಿಳಿಯುತ್ತಿತ್ತು. ಮೈಕು ಕಟ್ಟಿದ ಜಟಕಾಗಳು ಬಂದಮೇಲೂ ಅವು ಹೊಕ್ಕಲಾರದ ಗಲ್ಲಿಗಳಿಗೆ ಅಯ್ಯಣ್ಣನೇ ಬೇಕಿತ್ತು. ಬಳ್ಳಾರಿ ಮುಗಿದರೆ ಬಸ್ಸು ಹತ್ತಿ ಕುರುಗೋಡು, ಬಾದನಹಟ್ಟಿ, ಸಿರುಗುಪ್ಪ, ಕರೂರು. ನಡುನಡುವೆ ಬೀಡಿ. “ಗಂಟಲಾ ಬೆಚ್ಚಗಿರತೈತಿ ಅಂತ ಸೇದತಿದ್ದ. ನಾ ಬಯ್ದರ ಇನ್ನೊಂದು ಹಚ್ಚತಿದ್ದ,” ಎನ್ನುತ್ತಾರೆ ಸುಂಕಲಮ್ಮ.

ಎರಡು ವರ್ಷದ ಹಿಂದೆ, ಎಪ್ಪತ್ತೊಂಬತ್ತರ ಚಳಿಗಾಲದಲ್ಲಿ, ಅಯ್ಯಣ್ಣನ ದನಿ ಒಡೆಯತೊಡಗಿತು. ಮೊದಲು ಶೀತವೆಂದುಕೊಂಡರು. ಬಳ್ಳಾರಿಯ ವೈದ್ಯರೊಬ್ಬರು ಗಂಟಲಿಗೆ ಕನ್ನಡಿ ಇಳಿಸಿ ನೋಡಿ, ಬೀಡಿ ಬಿಡು, ಮಾತು ನಿಲ್ಲಿಸು, ಇದೇ ವಾರ ಬೆಂಗಳೂರಿಗೆ ಹೋಗು ಎಂದರು. ಗಂಟಲಲ್ಲಿ ಹುಣ್ಣಿತ್ತು. ಅದು ಎಂಥ ಹುಣ್ಣೆಂದು ಅವರು ಗಂಡನಿಗೆ ಹೇಳಲಿಲ್ಲ, ಹೊರಗೆ ಕರೆದು ಹೆಂಡತಿಗೆ ಹೇಳಿದರು.

ಅದೇ ವಾರ ಮದ್ರಾಸಿನಿಂದ ದೊಡ್ಡದೊಂದು ವಾದ್ಯವೃಂದ ಬರುವ ಸುದ್ದಿ ಊರಲ್ಲಿ ಹಬ್ಬಿತು. ಸಾಲಾಗಿ ಕೂರುವ ಪಿಟೀಲುಗಳು, ವೀಣೆ, ಕೊಳಲು, ಮನುಷ್ಯನೆತ್ತರದ ತಂತಿವಾದ್ಯಗಳು. ಹಾಡುವವರು ಮಾತ್ರ ಒಬ್ಬರೂ ಇಲ್ಲ. ಎರಡು ಸಂಜೆಯ ಕಾರ್ಯಕ್ರಮ. ಶನಿವಾರ ಸಿರುಗುಪ್ಪದಲ್ಲಿ ಕರ್ನಾಟಕ ಸಂಗೀತದ ಕೃತಿಗಳು, ಚಿದಾನಂದಪ್ಪನವರ ಅಕ್ಕಿ ಗಿರಣಿಯ ಅಂಗಳದಲ್ಲಿ. ಭಾನುವಾರ ಬಳ್ಳಾರಿಯ ಸಭಾಂಗಣದಲ್ಲಿ ಪಾಶ್ಚಾತ್ಯ ಸಂಗೀತ. ಸಾರುವ ಕೆಲಸ ಅಯ್ಯಣ್ಣನಿಗೆ ಬಂತು.

ಅವರು ಬೆಂಗಳೂರಿನ ಪ್ರಯಾಣವನ್ನು ಮುಂದೂಡಿದರು. “ಇದೊಂದು ಮುಗಿಸಿ ಹೋಗೂಣು ಅಂದ. ಅಷ್ಟು ವಾದ್ಯ ಒಮ್ಮೆಗೇ ನುಡಿಯೋದು ನಮ್ಮ ಮಂದಿ ಕೇಳೇ ಇಲ್ಲ, ನಾ ಕರೀಲಿಲ್ಲಂದ್ರ ಯಾರು ಕರೀತಾರ ಅಂದ,” ಎನ್ನುತ್ತಾರೆ ಸುಂಕಲಮ್ಮ. “ನಾ ಖರೇ ಹೇಳಿದ್ದಿಲ್ಲರಿ ಅವಂಗ. ಹುಣ್ಣು ಅಂದಿದ್ದೆ ಅಷ್ಟ. ಖರೇ ಹೇಳಿದ್ದರ ಹೋಗತಿದ್ದನೋ ಏನೋ.”

ಅಯ್ಯಣ್ಣ ಊರೂರು ತಿರುಗಿ ಕೂಗುತ್ತಿದ್ದಾಗ ಕಾರ್ಯಕ್ರಮದ ಹೊಣೆ ಹೊತ್ತಿದ್ದ ಬಳ್ಳಾರಿಯ ಸಂಗೀತ ರಸಿಕರು ಹೋಟೆಲಿನ ಮಹಡಿಯಲ್ಲಿ ಕುಳಿತು ವಾದ ಮಾಡುತ್ತಿದ್ದರು. ಪಿಟೀಲು ಹಾಡಿನ ಹಿಂದೆ ನಡೆಯಬೇಕಾದದ್ದು, ಹಾಡುವವರೇ ಇಲ್ಲದೆ ನಲವತ್ತು ಪಿಟೀಲು ಒಟ್ಟಿಗೆ ಎಳೆದರೆ ಸ್ವರ ತೂಗುವ ಗಮಕವೆಲ್ಲಿ ಉಳಿಯುತ್ತದೆ ಎಂದು ಕೆಲವರು. ಕೇಳದೆಯೇ ತೀರ್ಪು ಕೊಡಬೇಡಿ ಎಂದು ಕೆಲವರು. ಹಿಂದುಸ್ತಾನಿಯ ಕಡೆಯವರಿಗೆ ಇದರಲ್ಲಿ ಯಾವುದೂ ಸರಿಬೀಳಲಿಲ್ಲ. ರಾಗವನ್ನು ಮೊದಲೇ ಬರೆದಿಟ್ಟುಕೊಂಡು ನೋಡಿ ನುಡಿಸುವುದು ಎಂಥ ಸಂಗೀತ ಎಂದು ಅವರು ನಕ್ಕರು. ಚಹಾ ಬಂತು, ಆರಿತು, ಮತ್ತೆ ಬಂತು.

ಕೋರ್ಟಿನಲ್ಲಿ ಗುಮಾಸ್ತರಾಗಿ ನಿವೃತ್ತರಾದ ರಾಘಣ್ಣ ಆ ಗುಂಪಿನ ಹಿರಿಯರು. ಅವರ ಸಿಟ್ಟು ಬೇರೆಯೇ ಆಗಿತ್ತು. “ಕೃತಿ ಕೇಳೋ ಕಿವಿ ಇರೋದು ಬಳ್ಳಾರಿಯೊಳಗ. ಸಿರುಗುಪ್ಪದಾಗ ಭತ್ತದ ಚೀಲದ ಮುಂದ ನುಡಿಸಿದರ ಯಾರಿಗೆ ತಿಳೀತೈತಿ? ಅವರಿಗಿ ಆ ಬ್ಯಾಂಡಿನಂಥಾದ್ದು ನುಡಿಸಲಿ, ಕೃತಿ ಇಲ್ಲಿಗಿ ಬರಲಿ ಅಂದೆ,” ಎಂದು ಅವರೇ ನನಗೆ ಹೇಳಿದರು. ಮಾತು ಚಿದಾನಂದಪ್ಪನವರ ಕಿವಿಗೆ ಬಿತ್ತು. ನನ್ನ ಊರಿನ ಕಿವಿ ಕಿವಿಯಲ್ಲವೇ ಎಂದು ಅವರು ಶುಕ್ರವಾರ ರಾತ್ರಿ ಗಿರಣಿಯ ಅಂಗಳ ಕೊಡುವುದಿಲ್ಲವೆಂದು ಹೇಳಿ ಕಳುಹಿಸಿದರು. ರಸಿಕರು ಶನಿವಾರದ ಕಾರ್ಯಕ್ರಮವನ್ನು ಕೈಬಿಟ್ಟು, ಕೃತಿಗಳನ್ನು ಭಾನುವಾರಕ್ಕೆ ಸೇರಿಸಿಕೊಂಡರು. ಅಲ್ಲಿಗೆ ಅವರ ಜಗಳ ತೀರಿತು.

ಆದರೆ ಸುತ್ತಲಿನ ಊರುಗಳಲ್ಲಿ ಜನ ಆಗಲೇ ಸಜ್ಜಾಗಿದ್ದರು. ಕರೂರಿನ ಗದ್ದೆ ಕೆಲಸದವರು ಶನಿವಾರ ಬೇಗ ಬಿಡುತ್ತೇವೆಂದು ಮಾತಾಡಿಕೊಂಡಿದ್ದರು. ಬಾದನಹಟ್ಟಿಯಲ್ಲಿ ಮಕ್ಕಳಿಗಾಗಿ ಗಾಡಿಯಲ್ಲಿ ಹುಲ್ಲು ಹಾಸುವ ಮಾತಾಗಿತ್ತು. ಅವರಿಗೆ ಯಾರು ಹೇಳುವುದೆಂದು ಹೋಟೆಲಿನ ಮಹಡಿಯಲ್ಲಿ ಯಾರೂ ಯೋಚಿಸಲಿಲ್ಲ.

ಶನಿವಾರ ಬೆಳಿಗ್ಗೆ ಚಹಾ ಅಂಗಡಿಯಲ್ಲಿ ಸುದ್ದಿ ಕೇಳಿದ ಅಯ್ಯಣ್ಣ ಮನೆಗೆ ಬಂದು ತುತ್ತೂರಿ ತೆಗೆದುಕೊಂಡರು. ಆಗ ಅವರ ದನಿ ಕಾಗದ ಹರಿದಂತೆ ಬರುತ್ತಿತ್ತು. “ನಾ ಬಾಗಲಕ ಅಡ್ಡ ನಿಂತೆ,” ಎನ್ನುತ್ತಾರೆ ಸುಂಕಲಮ್ಮ. “ದೊಡ್ಡವರು ಜಗಳಾ ಮಾಡ್ಯಾರ, ಅವರ ಹೋಗಿ ಹೇಳಲಿ, ನೀ ಯಾಕ ಸಾಯ್ತಿ ಅಂದೆ. ಅದಕ್ಕ ಅವ ಏನಂದ ಗೊತ್ತೇನ್ರಿ? ಅವರು ಕರದದ್ದು ಯಾರ ಕಿವಿಗೂ ಬಿದ್ದಿಲ್ಲಲೇ, ಕರದಾವ ನಾನು ಅಂದ. ಬಿಟ್ಟೆ.”

ಮೊದಲು ಕುರುಗೋಡು. ಆಮೇಲೆ ಬಾದನಹಟ್ಟಿ. “ಇವತ್ತಿನ ವಾದ್ಯ ಇಲ್ಲ, ಸಿರುಗುಪ್ಪಕ್ಕ ಬರಬ್ಯಾಡ್ರಿ,” ಎಂದು ಅವರು ಓಣಿಓಣಿಯಲ್ಲಿ ಕೂಗಿದರು. ಕರೆಯುವಾಗ ನಗುತ್ತಿದ್ದ ಜನ ಈಗ ಬಯ್ದರು. ಬಾದನಹಟ್ಟಿಯಲ್ಲಿ ಒಬ್ಬ, “ಕರಿಯಾಂವನೂ ನೀನ, ಬ್ಯಾಡ ಅನ್ನಾಂವನೂ ನೀನ, ನಮ್ಮನ್ನೇನು ಆಟ ಆಡಸ್ತಿಯೇನಲೇ?” ಎಂದು ಮೈಮೇಲೆ ಬಂದ. ಅಯ್ಯಣ್ಣ ಯಾರ ಹೆಸರನ್ನೂ ಹೇಳಲಿಲ್ಲ. ಕೈಮುಗಿದು ಮುಂದಿನ ಓಣಿಗೆ ಹೋದರು.

ಸಿರುಗುಪ್ಪದ ಸಂತೆಬಯಲಲ್ಲಿ ದನಿ ಎರಡು ಸಲ ನಿಂತುಹೋಯಿತು. ನೀರು ಕುಡಿದು ಮತ್ತೆ ಕೂಗಿದರು. ಮಧ್ಯಾಹ್ನ ದಾಟಿ ಕರೂರಿನಲ್ಲಿ ಬಸ್ಸಿಳಿದು ತುತ್ತೂರಿ ಎತ್ತಿದರೆ ಬರೀ ಗಾಳಿ ಬಂತು. ಅರಳಿಕಟ್ಟೆಯ ಮೇಲಿದ್ದವರು ಕುಡಿದಿದ್ದಾನೆಂದು ನಕ್ಕರು. ಅಯ್ಯಣ್ಣ ತುತ್ತೂರಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಮೊದಲ ಮನೆಯ ಬಾಗಿಲು ಬಡಿದರು. ಹೊರಗೆ ಬಂದ ಹೆಂಗಸಿನ ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟಿದರು. ಆಮೇಲೆ ಎರಡನೆಯ ಮನೆ. ಆಮೇಲೆ ಮೂರನೆಯದು. ಕತ್ತಲಾಗುವ ಮೊದಲು ಊರಿನ ಕೊನೆಯ ಮನೆ ಮುಗಿಸಿ ಬಸ್ಸಿಗೆ ಬಂದು ನಿಂತಾಗ ಅವರ ಅಂಗಿಯ ತೋಳಿನಲ್ಲಿ ರಕ್ತ ಒರೆಸಿಕೊಂಡ ಕಲೆಯಿತ್ತು.

ಮರುದಿನ ಸಂಜೆ ಬಳ್ಳಾರಿಯ ಸಭಾಂಗಣ ಕಿಕ್ಕಿರಿದು ತುಂಬಿತು. ವಾದ್ಯವೃಂದ ನುಡಿಸಿತು. ರಸಿಕರು ಎದ್ದು ನಿಂತು ಚಪ್ಪಾಳೆ ತಟ್ಟಿದರು, ಹೊರಗೆ ಬಂದು ಮತ್ತೆ ವಾದಕ್ಕಿಳಿದರು. ಆ ಹೊತ್ತಿಗೆ ಅಯ್ಯಣ್ಣ ಮತ್ತು ಸುಂಕಲಮ್ಮ ಬೆಂಗಳೂರಿನ ಬಸ್ಸಿನಲ್ಲಿದ್ದರು.

ಬೆಂಗಳೂರಿನ ವೈದ್ಯರು ದನಿಪೆಟ್ಟಿಗೆಯನ್ನೇ ತೆಗೆಯಬೇಕೆಂದರು. ಸ್ವಲ್ಪ ಮೊದಲೇ ಬಂದಿದ್ದರೆ ದನಿ ಉಳಿಯುತ್ತಿತ್ತೇ ಎಂದು ಸುಂಕಲಮ್ಮ ಕೇಳಿದರಂತೆ. ಉಳಿದರೂ ಉಳಿಯಬಹುದಿತ್ತು, ಹೇಳಲಾಗುವುದಿಲ್ಲ ಎಂಬ ಉತ್ತರ ಬಂತು. ಆ ಮಾತನ್ನು ಅವರು ಗಂಡನಿಗೆ ಇವತ್ತಿಗೂ ಹೇಳಿಲ್ಲ, ಅಯ್ಯಣ್ಣ ಹತ್ತಿರ ಇಲ್ಲದ ಹೊತ್ತಿನಲ್ಲಿ ನನಗೆ ಹೇಳಿದರು. ನಾನು ಬರೆಯಬಹುದೇ ಎಂದು ಕೇಳಿದೆ. “ಬರೀರಿ. ಅವಂಗ ಓದಾಕ ಬರಂಗಿಲ್ಲ,” ಎಂದು ಮುಖ ತಿರುಗಿಸಿದರು.

ಊರಿಗೆ ಮರಳಿದ ಮೇಲೆ ಹೊಟ್ಟೆಯ ಪ್ರಶ್ನೆ ಎದ್ದಿತು. ಅಯ್ಯಣ್ಣ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು. ತುತ್ತೂರಿ ಹಿಡಿದು ಸುಂಕಲಮ್ಮ ಮೊದಲ ಸಲ ಬೀದಿಗಿಳಿದಾಗ ಸೆರಗನ್ನು ಬಾಯಿಗೆ ಅಡ್ಡ ಹಿಡಿದಿದ್ದರು. ಪಕ್ಕದ ಮನೆಗೂ ಕೇಳಲಿಲ್ಲ. ಹೆಂಗಸು ಬೀದಿಯಲ್ಲಿ ಕೂಗುವುದೇ ಎಂದು ಗಂಡನ ಅಣ್ಣತಮ್ಮಂದಿರು ಮನೆಗೆ ಬರುವುದನ್ನು ಬಿಟ್ಟರು. ಪಡ್ಡೆ ಹುಡುಗರು ಅವರ ಹಿಂದೆಯೇ ಅಣಕಿಸುತ್ತ ನಡೆದರು. ಒಂದು ಬೆಳಿಗ್ಗೆ ಅಯ್ಯಣ್ಣ ಎದ್ದು, ಯಾರದೋ ಮನೆಯಿಂದ ತಮಟೆ ತಂದು, ಹೆಂಡತಿಯ ಮುಂದೆ ನಡೆಯತೊಡಗಿದರು. ಅಣಕ ಒಂದಿಷ್ಟು ಕಡಿಮೆಯಾಯಿತು. ಕೆಲಸ ಮೊದಲಿನ ಅರ್ಧಕ್ಕೂ ಬರಲಿಲ್ಲ. ಚಳಿ ಬಂದರೆ ಅವರ ಕುತ್ತಿಗೆಯ ತೂತಿನಲ್ಲಿ ಕಫ ಕಟ್ಟುತ್ತದೆ. ಹಾಗಾದ ದಿನ ಇಬ್ಬರೂ ಮನೆಯಲ್ಲೇ.

ರಾಘಣ್ಣನವರನ್ನು ಕಂಡು ಇದನ್ನೆಲ್ಲ ಹೇಳಿದೆ. “ಅವನ ಗಂಟಲಾ ಹಂಗಿತ್ತಂತ ನಮಗ್ಯಾರಿಗೂ ಗೊತ್ತಿದ್ದಿಲ್ಲರಿ. ಸಿರುಗುಪ್ಪಕ್ಕ ಹೋಗಿ ಹೇಳು ಅಂತ ನಾವು ಹೇಳಿದ್ದೂ ಇಲ್ಲ,” ಎಂದರು. ಎರಡೂ ನಿಜ. ಈ ಎರಡು ವರ್ಷಗಳಲ್ಲಿ ಅವರು ಅಯ್ಯಣ್ಣನ ಓಣಿಗೆ ಹೋಗಿಲ್ಲ ಎಂಬುದೂ ನಿಜ.

ಕಣ್ಣಿನ ಶಿಬಿರದ ಸುತ್ತು ಮುಗಿಸಿ ದಂಪತಿ ಮರಳುವಾಗ ಬಿಸಿಲೇರಿದೆ. ಕಟ್ಟೆಯ ಮೇಲೆ ಕೂತು ಸುಂಕಲಮ್ಮ ಆಪರೇಷನ್ನಿನ ಹಿಂದಿನ ದಿನದ ಮಾತು ತೆಗೆಯುತ್ತಾರೆ. “ಕೈ ಹಿಡದು ಹತ್ರ ಕರದ. ಕಡೀ ಮಾತು ಏನರ ಮನಿಮಾತು ಆಡ್ತಾನ ಅನಕೊಂಡೆ. ಆ ಶನಿವಾರ ಸಂಜಿಗಿ ಗಿರಣಿ ಮುಂದ ಯಾರರ ಬಂದಿದ್ದರೇನು ಅಂತ ಕೇಳಿದ. ನಂಗೇನು ಗೊತ್ರಿ? ಒಬ್ಬರೂ ಬಂದಿಲ್ಲಂತ ಅಂದುಬಿಟ್ಟೆ. ಊರಿಗಿ ಬಂದಮ್ಯಾಲ ಸಿರುಗುಪ್ಪಕ್ಕ ಹೋಗಿ ಗಿರಣಿ ಕಾಯೋ ಮುದುಕನ್ನ ಕೇಳಿದೆ. ಬಂದವರನ್ನ ವಾಪಸ್ ಕಳಸಾಕಂತ ಅವ ಕತ್ಲಾಗೂತನಕ ಗೇಟಿನ್ಯಾಗ ಕುಂತಿದ್ದನಂತ. ಒಂದು ಗಾಡಿ ಬರಲಿಲ್ಲಮ್ಮಾ, ಒಂದು ಮನುಷ್ಯ ಬರಲಿಲ್ಲ ಅಂದ.”

ಅಯ್ಯಣ್ಣ ನನ್ನ ತೋಳು ಜಗ್ಗುತ್ತಾರೆ. ಅವರ ತುಟಿಗಳು ಮೆಲ್ಲಗೆ ಅಲುಗುತ್ತವೆ. ಇಷ್ಟು ಹೊತ್ತು ಅವರು ಹೇಳಿದ್ದನ್ನೆಲ್ಲ ಹೆಂಡತಿಯೇ ನನಗೆ ತಿಳಿಸುತ್ತಿದ್ದರು. ಈ ಸಲ ಸುಂಕಲಮ್ಮ ಅದನ್ನು ನನಗೇ ಬಿಡುತ್ತಾರೆ. ಅಯ್ಯಣ್ಣ ಮತ್ತೊಮ್ಮೆ, ಇನ್ನೂ ನಿಧಾನವಾಗಿ ತುಟಿ ಆಡಿಸುತ್ತಾರೆ. ನನಗೂ ತಿಳಿಯುತ್ತದೆ.

“ಎಲ್ಲಾರಿಗೂ ಕೇಳಿಸಿತ್ತು.”