ದೊರ್ಸಿಲಿಯಾಳ ಬಾಯಿಂದ ಬಿದ್ದ ಮಾತು

ಮೈಸಾದ್ ಸಂತೆಯಲ್ಲಿ ದೊರ್ಸಿಲಿಯಾಳ ಬಾಯಿಗೆ ಹೆದರದವರಿರಲಿಲ್ಲ. ಮರಗೆಣಸಿನ ರೊಟ್ಟಿ ಮಾರುವ ಹೆಂಗಸು; ಚೌಕಾಸಿಗೆ ನಿಂತವರ ಏಳು ತಲೆಮಾರು ಜಾಲಾಡಿ, ಕೊನೆಗೆ ಒಂದು ತುಂಡು ಹೆಚ್ಚಿಗೆ ಹಾಕಿ ಕಳಿಸುತ್ತಿದ್ದಳು. ಅವಳು ಹುಟ್ಟಿದ ವರ್ಷ ಯಾವುದೋ, ಯಾರಿಗೂ ಗೊತ್ತಿಲ್ಲ. ಮುತ್ತಜ್ಜ ಫ್ರೆಂಚರ ಕಬ್ಬಿನ ತೋಟಕ್ಕೆ ಬೆಂಕಿಯಿಟ್ಟು, ಸಂಕೋಲೆ ಕಡಿದು ಬೆಟ್ಟ ಹತ್ತಿದವನು ಎಂಬುದು ಮಾತ್ರ ಮನೆಮಂದಿಗೆಲ್ಲ ಗೊತ್ತಿತ್ತು. ನಮ್ಮ ಹೈಟಿಯಲ್ಲಿ ಮನೆಗೊಬ್ಬ ಅಂಥ ಮುತ್ತಜ್ಜ ಇದ್ದೇ ಇರುತ್ತಾನೆ.

ಅಂಥವರ ಮರಿಮಕ್ಕಳ ಕೊರಳಿಗೆ ಮತ್ತೆ ಹಗ್ಗ ಬಿತ್ತು. ಅಮೆರಿಕದ ಸೈನ್ಯ ಬಂದು ಮೂರು ವರ್ಷವಾಗಿತ್ತು. ರಸ್ತೆ ಮಾಡಬೇಕಂತೆ! ಯಾರಿಗೆ ರಸ್ತೆ? ಅವರ ಫಿರಂಗಿಗೆ. ಮೂರೇ ದಿನದ ಬಿಟ್ಟಿ ಚಾಕರಿ ಎಂದು ಗಂಡಸರನ್ನು ಹಿಡಿದೊಯ್ದರು; ತಿಂಗಳುಗಟ್ಟಲೆ ಒಬ್ಬರ ಹಿಂದೊಬ್ಬರನ್ನು ಹಗ್ಗದಲ್ಲಿ ಬಿಗಿದು ಕಲ್ಲು ಒಡೆಸಿದರು. ಓಡಿದವನ ಬೆನ್ನಿಗೆ ಗುಂಡು. ದೊರ್ಸಿಲಿಯಾಳ ಗಂಡ ಎಸ್ತಿಮಾಬನನ್ನು ಆ ಹಗ್ಗಕ್ಕೆ ಕಟ್ಟಿದವನು ಬಿಳಿಯನಲ್ಲ, ನಮ್ಮೂರಿನವನೇ ಆದ ಸಿಲಿಯೂಸ್. ಬಿಳಿಯರ ಕೈಕೆಳಗೆ ಪೊಲೀಸನಾಗಿ, ಬೂಟು ಸಿಕ್ಕಿದ್ದೇ ತಡ, ಕಾಲು ನೆಲದ ಮೇಲೆ ನಿಲ್ಲದವನು. ಥೂ! ಇವರ ಹಿರಿಮಗಳು ಯೂಫೆಮಿಯನ್ನು ದೀಕ್ಷಾಸ್ನಾನದಲ್ಲಿ ಧರ್ಮಪಿತನಾಗಿ ಎತ್ತಿ ಹಿಡಿದವನೂ ಅವನೇ. ನಮ್ಮಲ್ಲಿ ಅದು ರಕ್ತಸಂಬಂಧಕ್ಕಿಂತ ಹೆಚ್ಚು.

ಎಸ್ತಿಮಾಬ್ ನಾಲ್ಕು ತಿಂಗಳು ಕಲ್ಲು ಒಡೆದ. ಪಕ್ಕದಲ್ಲಿ ಕಟ್ಟಿದ್ದವನು ಜ್ವರದಿಂದ ಕುಸಿದಾಗ ಅವನ ತಲೆಯನ್ನು ಬಂದೂಕಿನ ಹಿಡಿಯಿಂದ ಒಡೆದರು; ಹೆಣವನ್ನು ಹಗ್ಗದಿಂದ ಬಿಚ್ಚುವ ಕೆಲಸವನ್ನು ಇವನಿಗೇ ಹಚ್ಚಿದರು. ಬಿಚ್ಚುವ ನೆಪದಲ್ಲಿ ತನ್ನ ಗಂಟನ್ನೂ ಬಿಚ್ಚಿಕೊಂಡು ಇವನು ಕೊರಕಲಿಗೆ ಹಾರಿದ. ಬೆಟ್ಟದ ಬಂಡಾಯಗಾರರನ್ನು ಸೇರಿದ.

ಬಂಡಾಯಗಾರರಿಗೆ ಊಟ ಹಾಕಿದಿರೆಂದು ಸೈನಿಕರು ಮಾರ್ಚ್ ತಿಂಗಳಲ್ಲಿ ಊರಿಗೆ ಬೆಂಕಿಯಿಟ್ಟರು. ದೊರ್ಸಿಲಿಯಾ ಅತ್ತೆಯನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ಎಳೆದುಕೊಂಡು ಹೊಳೆದಂಡೆಯ ಜಾಲಿಪೊದೆ ಹೊಕ್ಕಳು. ಎಸ್ತಿಮಾಬ್ ಅಲ್ಲಿಗೇ ಬಂದು ಸೇರಿಕೊಂಡ. ಮೂರು ದಿನ ಐವರೂ ಹಸಿ ಮೆಕ್ಕೆಜೋಳ ಅಗಿದು, ನಿದ್ದೆಗೆಟ್ಟು ಮುಳ್ಳಿನೊಳಗೆ ಮುದುರಿಕೊಂಡಿದ್ದರು. ಕಿರಿಯ ಕೂಸು ಅತ್ತರೆ ಅಜ್ಜಿ ಅದರ ಬಾಯಿಗೆ ಅಂಗೈ ಒತ್ತುತ್ತಿದ್ದಳು. ಪೊದೆ ಒಣಗಿ ಕರ್ಪೂರದಂತಿತ್ತು, ಒಂದು ಕಡ್ಡಿ ಗೀರಿದರೆ ಮುಗಿಯಿತು. ಹಿಂದಿನ ದಿನ ಆಚೆ ದಡದ ಪೊದೆಯೊಳಗೆ ಜನರಿದ್ದಾರೆಂದು ಗೊತ್ತಾದಾಗ ಸೈನಿಕರು ಮಾಡಿದ್ದು ಅದನ್ನೇ. ಅಲ್ಲಿ ಎದ್ದ ಚೀರಾಟ ಇವರ ಕಿವಿಯಿಂದ ಇನ್ನೂ ಹೋಗಿರಲಿಲ್ಲ.

ನಾಲ್ಕನೆಯ ದಿನ ನಡುಮಧ್ಯಾಹ್ನ ಸೈನಿಕರು, ಸಿಲಿಯೂಸ್ ಸೇರಿ ಇಬ್ಬರು ಪೊಲೀಸರೊಡನೆ, ಈ ದಡಕ್ಕೆ ಬಂದರು. ಸುಮ್ಮನೆ ನಾಲ್ಕು ಗುಂಡು ಹಾರಿಸಿದರು. ಯಾರೂ ಮಿಸುಕಲಿಲ್ಲ. ಖಾಲಿ ಪೊದೆಯೆಂದು ಕ್ಯಾಪ್ಟನ್ ಹಿಂದಿರುಗಲು ಕೈ ಮಾಡಿಯೂ ಆಗಿತ್ತು.

ನಮ್ಮ ಕಡೆ ಯಾರ ಮನೆಗೂ ಸುಮ್ಮನೆ ನುಗ್ಗುವಂತಿಲ್ಲ. ಬೇಲಿಯಾಚೆ ನಿಂತು "ಓನೆ" ಎನ್ನಬೇಕು. ಮಾನ ಎಂದು ಅದರ ಅರ್ಥ. ಒಳಗಿನವರು "ರೆಸ್ಪೆ", ಅಂದರೆ ಮರ್ಯಾದೆ, ಎಂದ ಮೇಲೆಯೇ ಕಾಲಿಡಬೇಕು. ಅಮ್ಮ, ಅಪ್ಪ ಎನ್ನುವುದರ ಜೊತೆಗೇ ಮಕ್ಕಳು ಕಲಿಯುವ ಮಾತು ಅದು. ಹಾವು ಮುಂಗುಸಿಯಂತೆ ಕಚ್ಚಾಡುವವರೂ ಅದಕ್ಕೆ ಉತ್ತರ ಕೊಡದೆ ಇರುವುದಿಲ್ಲ. ಬಿಳಿಯರಿಗೇನು ಗೊತ್ತು ಇದೆಲ್ಲ? ಸಿಲಿಯೂಸನಿಗೆ ಗೊತ್ತಿತ್ತು. ಅವನು ಪೊದೆಯ ಅಂಚಿಗೆ ಬಂದು, ಬಾಗಿಲಿಗೆ ಬಂದ ನೆಂಟನ ದನಿಯಲ್ಲಿ ಕರೆದ.

"ಓನೆ!"

ತೂಕಡಿಸುತ್ತಿದ್ದ ದೊರ್ಸಿಲಿಯಾಳ ಬಾಯಿ ಅವಳನ್ನು ಕೇಳದೆಯೇ "ರೆಸ್ಪೆ" ಎಂದುಬಿಟ್ಟಿತು.

ಅಂದ ಮೇಲೆ ಎಚ್ಚರವಾಯಿತು. ಎಸ್ತಿಮಾಬ್ ಅವಳನ್ನೇ ನೋಡುತ್ತಿದ್ದ. ಅವಳು ಅವನ ಎದೆಗೆ ಕೈಯಿಟ್ಟು ಹಿಂದಕ್ಕೆ ತಳ್ಳಿ, ಮುಳ್ಳಿನಲ್ಲಿ ತೆವಳಿಕೊಂಡು ಒಬ್ಬಳೇ ಹೊರಬಂದಳು.

ಸಿಲಿಯೂಸ್ ನಕ್ಕ. ಯೂಫೆಮಿ ಎಲ್ಲಿ, ಮುದುಕಿ ಎಲ್ಲಿ ಎಂದು ಕೇಳಿದ. ಎಲ್ಲರೂ ಸತ್ತರು, ನೀನೇ ಹಚ್ಚಿದ ಬೆಂಕಿಯಲ್ಲಿ ಸತ್ತರು ಎಂದಳು ದೊರ್ಸಿಲಿಯಾ. ಅವನು ಬೂಟುಗಾಲಿನಿಂದ ಮುಖಕ್ಕೆ ಒದ್ದ. ಮುಂದಿನ ಎರಡು ಹಲ್ಲು ಮಣ್ಣಿಗೆ ಬಿದ್ದವು. ಮತ್ತೆ ಕೇಳಿದ. ಅವಳು ರಕ್ತ ಉಗಿದು ಅದನ್ನೇ ಹೇಳಿದಳು. ಬಂದೂಕಿನ ಹಿಡಿಯಿಂದ ಪಕ್ಕೆಗೆ ಗುದ್ದಿದ. ಮೂಳೆ ಮುರಿದ ಸದ್ದು ಪೊದೆಯೊಳಗೂ ಕೇಳಿಸಿತಂತೆ. ಆದರೂ ಅವಳದು ಅದೇ ಮಾತು. ಸಾಕಾಗಿ ಸಿಲಿಯೂಸ್ ಕ್ಯಾಪ್ಟನನ ಕಡೆ ತಿರುಗಿದ. ಇವಳು ಯಾರ ಹೆಂಡತಿ, ಇವಳ ಹಿಂದೆ ಯಾರಿದ್ದಾರೆ ಎಂದು ಹೇಳಲು ಬಾಯಿ ತೆರೆದ.

ತೆರೆದ ಬಾಯಿ ಹಾಗೆಯೇ ಉಳಿಯಿತು. ಹೊಳೆಯ ಕಡೆಯಿಂದ ಸುತ್ತು ಹಾಕಿ ಬಂದಿದ್ದ ಎಸ್ತಿಮಾಬ್ ಬೀಸಿದ ಮಚ್ಚು ಅವನ ಕುತ್ತಿಗೆಯಲ್ಲಿ ಅರ್ಧ ಇಳಿದಿತ್ತು. ಕಿತ್ತು ಇನ್ನೊಮ್ಮೆ ಕಡಿಯುವಷ್ಟರಲ್ಲಿ ಸೈನಿಕರ ಮೂರು ಗುಂಡು ಎಸ್ತಿಮಾಬನ ತೊಡೆಗೆ, ಹೊಟ್ಟೆಗೆ ಬಿದ್ದವು. ಇಬ್ಬರೂ ಒಂದೇ ಕಡೆ ಉರುಳಿದರು. ಸಿಲಿಯೂಸ್ ಕೋಳಿಯಂತೆ ಒದ್ದಾಡಿ ತಣ್ಣಗಾದ. ಅವನು ಸತ್ತದ್ದಕ್ಕೆ ನಮ್ಮೂರಲ್ಲಿ ಒಬ್ಬರೂ ಅಳಲಿಲ್ಲ.

ಈಗ ಉಳಿದಿದ್ದ ಪೊಲೀಸ್ ಒಬ್ಬನೇ, ದಕ್ಷಿಣದವನು, ಇವರ ಮುಖ ಕಂಡವನಲ್ಲ. ಕ್ಯಾಪ್ಟನ್ ಅವನ ಮೂಲಕ ಕೇಳಿಸಿದ: ಇವನು ನಿನ್ನ ಗಂಡನೇ? ಗಂಡನಾದರೆ ಸಂಸಾರವೆಲ್ಲ ಪೊದೆಯೊಳಗೇ ಇರಬೇಕು. ಒಬ್ಬ ಸೈನಿಕ ಆಗಲೇ ಕಡ್ಡಿಪೆಟ್ಟಿಗೆ ತೆಗೆದಿದ್ದ.

ದೊರ್ಸಿಲಿಯಾ ಮಾತಾಡುವ ಮೊದಲೇ ಎಸ್ತಿಮಾಬ್ ನೆಲದಿಂದ ಕೂಗಿದ.

"ಯಾವಳಯ್ಯ ಇವಳು? ನೀರು ಕುಡಿಯೋಕೆ ಹೊಳೆಗೆ ಬಂದಿದ್ದೆ. ನನ್ನನ್ನ ಹಗ್ಗಕ್ಕೆ ಕಟ್ಟಿದೋನು ಕಂಡ, ಕಡಿದೆ. ಈ ಮುಂಡೆ ಹಾಳು ಬಾಯಿ ತೆಗೀದೆ ಇದ್ದಿದ್ರೆ ನೀವು ಈ ದಡದಲ್ಲಿ ನಿಲ್ತಾನೇ ಇರ್ಲಿಲ್ಲ. ಇವಳ ಬಾಯಿಂದ ಸತ್ತೆ ನಾನು!"

"ಸಾಯಿ," ಎಂದಳು ದೊರ್ಸಿಲಿಯಾ. "ನೀನ್ಯಾರೋ ನನಗೇನು ಗೊತ್ತು? ನಿಮ್ಮಂಥೋರಿಂದ ತಾನೇ ನಮ್ಮ ಮನೆ ಉರಿದಿದ್ದು."

ಹಾಗಾದರೆ ಒದಿ ಎಂದ ಕ್ಯಾಪ್ಟನ್. ದಕ್ಷಿಣದವನು ಅದನ್ನು ತಿಳಿಸಿದ.

ಅವಳು ಒದ್ದಳು. ಗುಂಡು ಬಿದ್ದ ಹೊಟ್ಟೆಗೇ, ಹಿಮ್ಮಡಿಯಿಂದ, ಮೂರು ಸಲ. ಮುರಿದ ಪಕ್ಕೆ ಜೀವ ಹೋಗುವಂತೆ ನೋಯುತ್ತಿತ್ತು, ಆದರೂ ಒದ್ದಳು. ಎಸ್ತಿಮಾಬ್ ಹಲ್ಲು ಕಚ್ಚಿ ಅವಳನ್ನು ಸೂಳೆ ಎಂದ, ಮಾಟಗಾತಿ ಎಂದ, ಉಗುಳಿದ. ಕ್ಯಾಪ್ಟನ್ ನಕ್ಕು ಪಿಸ್ತೂಲು ತೆಗೆದು ಅವನ ಹಣೆಗೆ ಹೊಡೆದ. ಕಡ್ಡಿಪೆಟ್ಟಿಗೆ ಮತ್ತೆ ಜೇಬಿಗೆ ಹೋಯಿತು.

ಅವಳನ್ನು ಎಂಚ್ ಊರಿನ ಸೆರೆಗೆ ನಡೆಸಿಕೊಂಡು ಹೋದರು. ಹೊಳೆ ದಾಟುವವರೆಗೂ ಅವಳು ಹಿಂದಿರುಗಿ ನೋಡಲಿಲ್ಲ. ನೋಡಿದರೆ ಕಣ್ಣು ಪೊದೆಯ ಕಡೆಗೇ ಹೋಗುತ್ತದೆ, ಅದನ್ನು ಅವರು ಕಂಡುಬಿಡುತ್ತಾರೆ ಎಂಬ ಹೆದರಿಕೆ. ಐದು ತಿಂಗಳು ಸೈನಿಕರ ಬಟ್ಟೆ ಒಗೆದಳು. ರಕ್ತ ಕೆಮ್ಮತೊಡಗಿದ ಮೇಲೆ ಕೆಲಸಕ್ಕೆ ಬಾರದವಳೆಂದು ಹೊರಗೆ ತಳ್ಳಿದರು.

ಊರಿಗೆ ಬಂದಾಗ ಅತ್ತೆ ಸುಟ್ಟ ಗೋಡೆಗೆ ತಾಳೆಗರಿ ಹೊದಿಸಿ ಮನೆ ಅನ್ನಬಹುದಾದದ್ದೊಂದನ್ನು ಕಟ್ಟಿದ್ದಳು. ಕೂಸು ಓಡಿಬಂದು ಕಾಲಿಗೆ ತೆಕ್ಕೆಬಿದ್ದಿತು. ಯೂಫೆಮಿ ಬರಲಿಲ್ಲ. ಒಂಬತ್ತು ವರ್ಷದ ಹುಡುಗಿ, ಮುಳ್ಳಿನ ಸಂದಿಯಿಂದ ಎಲ್ಲವನ್ನೂ ನೋಡಿದವಳು. ದೂರದಲ್ಲೇ ನಿಂತು ಕೇಳಿದಳು.

"ಅಷ್ಟು ಜೋರಾಗಿ ಯಾಕಮ್ಮ ಒದ್ದೆ ಅಪ್ಪನ್ನ?"

ದೊರ್ಸಿಲಿಯಾ ಹೊಸಿಲ ಮೇಲೆ ಕುಸಿದಳು.

"ಮೆತ್ತಗೆ ಒದ್ದಿದ್ರೆ ನಿಮ್ಮಪ್ಪನೇ ಬೈತಿದ್ದ ಕಣೇ. ಒದ್ದಿದ್ದಕ್ಕೆ ನಂಗೆ ದುಃಖ ಇಲ್ಲ. ಇವಳ ಬಾಯಿಂದ ಸತ್ತೆ ಅಂದ್ನಲ್ಲ, ಅದು ಅವರಿಗೆ ಅಂದಿದ್ದೋ, ನಂಗೇ ಅಂದಿದ್ದೋ? ಅದೊಂದು ಹೇಳಿ ಯಾರಾದ್ರೂ."

ಅವಳು ಅತ್ತೆಯ ಮುಖ ನೋಡಿದಳು. ಅತ್ತೆ ತಲೆಯೆತ್ತದೆ ಮೆಕ್ಕೆಜೋಳ ಬಿಡಿಸುತ್ತಲೇ ಇದ್ದಳು.